ಅತ್ತೆ ಒಡೆದ ಪಾತ್ರೆ

ನಮ್ಮ ಮನೆಗೆ ಹಾಲು ಹಾಕುವಾತ ಒಂದು ಸಲ, ಅವನ ತಾಯಿ ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ, ಎರಡು ತಿಂಗಳು ಸಂಜೆಯ ಅರ್ಧ ಲೀಟರನ್ನು ಕಾರ್ಡಿಗೆ ಬರೆಯುವುದನ್ನೇ ಮರೆತಿದ್ದ. ನಾನೂ ಗಮನಿಸಿರಲಿಲ್ಲ. ಆಮೇಲೆ ಗೊತ್ತಾದಾಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಟೀಚರಮ್ಮಾ, ತಪ್ಪು ನಂದೇ. ಒಟ್ಟಿಗೆ ಕೊಡೋದೇನೂ ಬೇಡ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಸೇರಿಸಿ ಕೊಡಿ ಸಾಕು" ಎಂದ. ನನಗೇ ನಾಚಿಕೆಯಾಗಿ ಮೂರು ತಿಂಗಳಲ್ಲಿ ತೀರಿಸಿದೆ. ಅವನು ಓದಿದ್ದು ನಾಲ್ಕನೇ ಇಯತ್ತೆ. ಮರೆತವನು ತಾನು, ಹಾಗಾಗಿ ಕಾಯಬೇಕಾದವನೂ ತಾನು ಎಂಬ ನ್ಯಾಯ ಅವನಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಸಾವಿರಾರು ಜನ ಕೆಲಸ ಮಾಡುವ, ಗಾಜಿನ ಕಟ್ಟಡದ, ಲೆಕ್ಕ ಬರೆಯುವುದಕ್ಕೇ ಒಂದು ಮಹಡಿ ಇಟ್ಟುಕೊಂಡ ಬೆಂಗಳೂರಿನ ಕಂಪನಿಯೊಂದಕ್ಕೆ ಈ ನ್ಯಾಯ ಗೊತ್ತಿರಲಿಲ್ಲ. ನನ್ನ ಸೊಸೆ ಅಲ್ಲಿ ಕೆಲಸ ಮಾಡುತ್ತಾಳೆ.

2023ರ ದೀಪಾವಳಿಗೆ ನಾವು ಬೆಂಗಳೂರಿಗೆ ಹೋಗಿದ್ದೆವು. ಮೊಮ್ಮಗಳಿಗೆ ಏಳು ತಿಂಗಳು. ಸೊಸೆ ಹೆರಿಗೆ ರಜೆ ಮುಗಿಸಿ ಅಕ್ಟೋಬರಿನಲ್ಲಿ ಕೆಲಸಕ್ಕೆ ಹೋಗಲಾರಂಭಿಸಿದ್ದಳು. ಹಬ್ಬದ ಮನೆಯಲ್ಲಿ ಎಲ್ಲಾ ಇತ್ತು, ಅವಳ ಮುಖದಲ್ಲಿ ಮಾತ್ರ ಹಬ್ಬವಿರಲಿಲ್ಲ. ರಾತ್ರಿ ಮಗುವನ್ನು ಮಲಗಿಸಿ ಅಡಿಗೆಮನೆಗೆ ಬಂದವಳನ್ನು ಕೂರಿಸಿಕೊಂಡು ಕೇಳಿದೆ. ಮೊದಲು ಏನಿಲ್ಲ ಅಂದಳು. ಆಮೇಲೆ ಫೋನಿನಲ್ಲಿ ತನ್ನ ಸಂಬಳದ ಚೀಟಿ ತೆಗೆದು ತೋರಿಸಿದಳು. ಹೆರಿಗೆಯ ನಂತರದ ಮೊದಲ ಸಂಬಳ. ಕೈಗೆ ಬಂದದ್ದು 12,240 ರೂಪಾಯಿ. ಸಾಮಾನ್ಯವಾಗಿ ಲಕ್ಷದ ಮೇಲೆ ಬರುವ ಸಂಬಳ ಅದು. ಕೆಳಗೆ ಒಂದು ಸಾಲು, ಹಿಂದಿನ ಬಾಕಿ ವಸೂಲಿ 1,11,000.

"ಏನೇ ಇದು ಬಾಕಿ?" ಎಂದೆ.

"ಕಾರಿಂದು ಅತ್ತೆ. ರಜೆ ಇದ್ದಾಗ ಆರು ತಿಂಗಳು ಕಟ್ ಆಗಿರಲಿಲ್ಲವಂತೆ. ನಾನು ನೋಡ್ಕೋಬೇಕಿತ್ತು" ಎಂದಳು.

ಆ ಕೊನೆಯ ಮಾತೇ ನನ್ನ ತಲೆ ಕೆಡಿಸಿದ್ದು. ಈ ಬರಹವೂ ಅದೊಂದು ಮಾತಿನ ಮೇಲಿನ ಜಗಳವೇ.

ಕಾರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಿನಲ್ಲಿ ಎಲ್ಲರೂ, ನಾನೂ ಸೇರಿ, "ಸೊಸೆಗೆ ಕಂಪನಿಯವರು ಕಾರು ಕೊಟ್ಟಿದ್ದಾರೆ" ಎಂದು ಹೇಳಿಕೊಂಡು ಓಡಾಡಿದ್ದೆವು. ಕೊಟ್ಟದ್ದೆಲ್ಲಿ ಬಂತು? ಗುತ್ತಿಗೆಗೆ ಕಾರು ಕೊಡುವ ಬೇರೆ ಸಂಸ್ಥೆಗಳಿವೆ. ಅಂಥದ್ದರಿಂದ ಕಂಪನಿ ಕಾರನ್ನು ಲೀಸಿಗೆ ಪಡೆದು ನೌಕರರಿಗೆ ಓಡಿಸಲು ಬಿಡುತ್ತದೆ. ತಿಂಗಳ ಬಾಡಿಗೆಯನ್ನು ಕಂಪನಿ ಆ ಸಂಸ್ಥೆಗೆ ಕಟ್ಟಿ, ಅಷ್ಟೇ ಮೊತ್ತವನ್ನು ನೌಕರರ ಸಂಬಳದಲ್ಲಿ, ತೆರಿಗೆ ಲೆಕ್ಕ ಹಾಕುವುದಕ್ಕೆ ಮೊದಲೇ, ಮುರಿದುಕೊಳ್ಳುತ್ತದೆ. ಸಂಬಳ ಅಷ್ಟು ಕಡಿಮೆಯಾದಂತೆ ಲೆಕ್ಕವಾಗುವುದರಿಂದ ಆದಾಯ ತೆರಿಗೆಯಲ್ಲಿ ಸ್ವಲ್ಪ ಉಳಿತಾಯ. ಕಾರಿನ ಸೌಲಭ್ಯದ ಬಾಬ್ತಿಗೆಂದು ಒಂದು ಸಣ್ಣ ಮೊತ್ತವನ್ನು ಮಾತ್ರ ಆದಾಯಕ್ಕೆ ಸೇರಿಸುತ್ತಾರೆ. ಆ ವರ್ಷದ ನಿಯಮದಲ್ಲಿ, ಕಚೇರಿಗೂ ಮನೆಗೂ ಬಳಸುವ 1.6 ಲೀಟರ್ ಒಳಗಿನ ಎಂಜಿನ್ನಿನ ಕಾರಿಗೆ ಪೆಟ್ರೋಲೂ ಕಂಪನಿಯದೇ ಆದರೆ ಅದು ತಿಂಗಳಿಗೆ 1,800 ರೂಪಾಯಿ. ಗುತ್ತಿಗೆಯ ಮೂರು ನಾಲ್ಕು ವರ್ಷ ಮುಗಿದ ಮೇಲೆ, ಉಳಿದ ಬೆಲೆ ಕೊಟ್ಟು ಬೇಕಾದರೆ ಕಾರನ್ನು ಕೊಂಡುಕೊಳ್ಳಬಹುದು. ಅಂದರೆ ಕಂಪನಿ ಕೊಟ್ಟ ಕಾರು ಎನ್ನುವುದು ಅವಳದೇ ದುಡಿಮೆಯ ದುಡ್ಡಿನ ಕಾರು. ತಿಂಗಳಿಗೆ 18,500 ರೂಪಾಯಿ.

ಹೆರಿಗೆ ರಜೆಯ ಸಂಬಳದ ಲೆಕ್ಕ ಬೇರೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರ ತಿದ್ದುಪಡಿಯ ನಂತರ, ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಕೊಟ್ಟಿತು. ಆ ಅವಧಿಯ ಹಣವನ್ನು ರಜೆಗೆ ಹೋಗುವ ಮುಂಚಿನ ಮೂರು ತಿಂಗಳ ದಿನಗೂಲಿಯ ಸರಾಸರಿ ಹಿಡಿದು ಕೊಡಬೇಕು. ಹಾಗಾಗಿ ಇವಳ ಕಂಪನಿಯ ಲೆಕ್ಕದ ಯಂತ್ರದಲ್ಲಿ ರಜೆಯ ಸಂಬಳಕ್ಕೆ ಬೇರೆ ಖಾನೆ. ಕಾರಿನ ಕಡಿತವನ್ನು ಗಂಟು ಹಾಕಿದ್ದುದು ಹಳೆಯ ಖಾನೆಗೆ. ಖಾನೆ ಬದಲಾದಾಗ ಗಂಟು ಕಳಚಿತು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಆರು ತಿಂಗಳು ಕಡಿತವಾಗಲಿಲ್ಲ, ಯಾರೂ ನೋಡಲಿಲ್ಲ. ಕಂಪನಿ ಮಾತ್ರ ಕಾರಿನ ಸಂಸ್ಥೆಗೆ ತಪ್ಪದೆ ಬಾಡಿಗೆ ಕಟ್ಟುತ್ತಲೇ ಇತ್ತು. ತನ್ನ ಜೇಬಿನಿಂದ ದುಡ್ಡು ಹೋಗುತ್ತಿರುವುದು ಅದಕ್ಕೇ ಆರು ತಿಂಗಳು ಕಾಣಲಿಲ್ಲ. ಇಲ್ಲಿ ಆಗಷ್ಟೇ ಹೆತ್ತು, ರಾತ್ರಿ ಮೂರು ಸಲ ಎದ್ದು ಹಾಲೂಡಿಸುತ್ತಿದ್ದ ಹುಡುಗಿ ಅದನ್ನು ಕಾಣಬೇಕಿತ್ತಂತೆ! ಸಂಬಳ ಸ್ವಲ್ಪ ಹೆಚ್ಚು ಬಂದದ್ದು ಅವಳಿಗೂ ಗೊತ್ತಾಗಿತ್ತು. ರಜೆಯ ಲೆಕ್ಕ ಬೇರೆ ಅಂತ ಕಂಪನಿಯವರೇ ಹೇಳಿದ್ದರು, ಅದೇ ಇರಬೇಕು ಎಂದುಕೊಂಡಳು. ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ.

ಮಾರನೆಯ ದಿನ ತಿಂಡಿಯ ಹೊತ್ತಿಗೆ ನಾನು ಈ ಮಾತು ಎತ್ತಿದೆ. ಮಗ, "ಅಮ್ಮ, ಅದು ಅವರ ದುಡ್ಡು ತಾನೇ? ಇವತ್ತಲ್ಲ ನಾಳೆ ಕೊಡಲೇಬೇಕು. ಇವಳೂ ಸ್ವಲ್ಪ ನೋಡ್ಕೋಬೇಕಿತ್ತು" ಎಂದ. ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, "ಎಷ್ಟು ಓದಿದರೂ ಹೆಂಗಸರಿಗೆ ಲೆಕ್ಕ ನೋಡೋ ಅಭ್ಯಾಸ ಇರಲ್ಲ" ಎಂದರು. ಸಂಜೆ ಬಂದ ನೆಂಟರೊಬ್ಬರು, "ಮೊದಲಿಗೆ ಕಾರು ಯಾಕೆ ಬೇಕಿತ್ತು? ಬಸ್ಸಿಲ್ಲವೇ?" ಎಂದರು. ಸೊಸೆ ಎಲ್ಲಕ್ಕೂ ತಲೆ ತಗ್ಗಿಸಿ ಕೂತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅದರ ವಾಸನೆ ಮೂಗಿಗೆ ಬಡಿದದ್ದು ಅವತ್ತೇ.

ನನಗೆ ಯಾಕೆ ಅಷ್ಟು ಸಿಟ್ಟು ಬಂತೆಂದರೆ, ಆ ಬರೆಯ ಗುರುತು ನನ್ನ ಮೈಮೇಲೂ ಇದೆ. 2004ರಲ್ಲಿ ನನಗೆ ವರ್ಗವಾಯಿತು. ನನ್ನ ವಿಮಾ ಕಂತು ಸಂಬಳದಲ್ಲೇ ಮುರಿಯುತ್ತಿತ್ತು. ಹಳೆಯ ಶಾಲೆಯಿಂದ ಕಳಿಸಿದ ಕೊನೆಯ ವೇತನ ಪ್ರಮಾಣಪತ್ರದಲ್ಲಿ ಆ ಸಾಲು ಇತ್ತು, ಹೊಸ ಕಡೆ ಬಿಲ್ಲು ಮಾಡಿದವರು ಅದನ್ನು ಏರಿಸಲಿಲ್ಲ. ಏಳು ತಿಂಗಳ ಮೇಲೆ ವಿಮೆಯವರಿಂದ ಕಾಗದ ಬಂತು, ಪಾಲಿಸಿ ರದ್ದಾಗಿದೆ ಎಂದು. ಗುಮಾಸ್ತರನ್ನು ಕೇಳಿದರೆ ತಲೆ ಎತ್ತದೆ, "ನೀವೇ ನೋಡ್ಕೋಬೇಕಿತ್ತು ಮೇಡಂ" ಎಂದರು. ಬಡ್ಡಿ ಸಮೇತ ಬಾಕಿ ಕಟ್ಟಿ, ಆರೋಗ್ಯವಾಗಿದ್ದೇನೆಂದು ಡಾಕ್ಟರ ಸರ್ಟಿಫಿಕೇಟು ಕೊಟ್ಟು, ಮೂರು ಸಲ ಅರ್ಧ ದಿನ ರಜೆ ಹಾಕಿ ಓಡಾಡಿ ಅದನ್ನು ಎಬ್ಬಿಸಿಕೊಂಡೆ. ಆ ಏಳು ತಿಂಗಳಲ್ಲಿ ನನಗೇನಾದರೂ ಆಗಿದ್ದರೆ? ಆಗ ಹನ್ನೊಂದು ವರ್ಷದ ಹುಡುಗನಾಗಿದ್ದವನೇ ಈಗ "ಇವಳು ನೋಡ್ಕೋಬೇಕಿತ್ತು" ಎನ್ನುವ ನನ್ನ ಮಗ.

ಹಾಗೆ ಆಗಿಯೂ ಇದೆ. ದೆಹಲಿಯ ವಿದ್ಯುತ್ ಸರಬರಾಜು ಸಂಸ್ಥೆಯ ನೌಕರರೊಬ್ಬರು ಸಂಬಳದಲ್ಲಿ ಕಂತು ಮುರಿಯುವ ವಿಮೆ ಮಾಡಿಸಿದ್ದರು. ಸಂಸ್ಥೆಯಿಂದ ಕಂತು ಜೀವ ವಿಮಾ ನಿಗಮಕ್ಕೆ ಸರಿಯಾಗಿ ಹೋಗಲಿಲ್ಲ. ಅವರು ತೀರಿಕೊಂಡಾಗ ಪಾಲಿಸಿ ಚಾಲ್ತಿಯಲ್ಲಿಲ್ಲ ಎಂದು ಹೆಂಡತಿಗೆ ಹಣ ಕೊಡಲಿಲ್ಲ. ಬಸಂತಿ ದೇವಿ ಎಂಬ ಆ ಹೆಂಗಸು ಬಿಡಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1999ರಲ್ಲಿ ಕೋರ್ಟು ಹೇಳಿದ್ದರ ತಾತ್ಪರ್ಯ ಇಷ್ಟು. ಈ ಯೋಜನೆಯಲ್ಲಿ ಕಂತು ವಸೂಲಿ ಮಾಡಿ ಕಳಿಸುವ ಮಾಲೀಕ ವಿಮಾ ನಿಗಮದ ಏಜೆಂಟನಿದ್ದ ಹಾಗೆ, ಅವನ ತಪ್ಪಿಗೆ ನೌಕರನ ಹೆಂಡತಿಯನ್ನು ಹೊಣೆ ಮಾಡುವಂತಿಲ್ಲ, ಹಣ ಕೊಡಿ. ನನ್ನ ಪಾಲಿಸಿ ರದ್ದಾದದ್ದು ಇದಾಗಿ ಐದು ವರ್ಷದ ಮೇಲೆ. ನನಗೆ ಈ ತೀರ್ಪು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಗುಮಾಸ್ತರ ಮೇಜಿನ ಮುಂದೆ ಅಷ್ಟು ಬಾಗಿ ನಿಲ್ಲುತ್ತಿರಲಿಲ್ಲ.

ವಿಮೆ ಬೇರೆ, ಕಾರು ಬೇರೆ, ನಿಜ. ನ್ಯಾಯ ಮಾತ್ರ ಒಂದೇ. ಸಂಬಳಕ್ಕೆ ಕತ್ತರಿ ಹಾಕುವ ಕೈ ನೌಕರರದಲ್ಲ. ಕತ್ತರಿಸು ಅಂತ ಒಪ್ಪಿಗೆ ಕೊಡುವುದಷ್ಟೇ ನಮ್ಮ ಕೆಲಸ. ಯಾವ ತಿಂಗಳು, ಎಷ್ಟು, ಯಾವ ಖಾನೆಯಲ್ಲಿ ಎಂಬುದೆಲ್ಲ ಅವರ ಕೈ. ಕತ್ತರಿ ಹಿಡಿದ ಕೈ ಮರೆತರೆ ಆ ಮರೆವಿನ ತೊಂದರೆಯೂ ಆ ಕೈಯದೇ ಆಗಬೇಕು. ನನ್ನ ಸೊಸೆ ಆರು ತಿಂಗಳು ಆಫೀಸಿಗೆ ಹಾಜರಿ ಹಾಕುವುದನ್ನು ಮರೆತಿದ್ದರೆ, "ಪರವಾಗಿಲ್ಲ, ನಾವೇ ನೋಡ್ಕೋಬೇಕಿತ್ತು" ಎಂದು ಕಂಪನಿ ಹೇಳುತ್ತಿತ್ತೇ? ನೀವೇ ಹೇಳಿ.

ದುಡ್ಡು ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಮಗ ಹೇಳಿದ್ದರಲ್ಲಿ ಅಷ್ಟು ಸರಿ. ಕಾರು ಓಡಿದೆ, ಬಾಡಿಗೆ ಕೊಡಬೇಕು. ಆದರೆ ಕೊಡಬೇಕಾದ್ದು ಎಷ್ಟು, ಯಾವಾಗ, ಹೇಗೆ ಎಂಬ ಮೂರು ಪ್ರಶ್ನೆಗಳನ್ನು ನುಂಗಿ ಹಾಕಿ "ಅವರ ದುಡ್ಡು ತಾನೇ" ಎನ್ನುವುದು ನ್ಯಾಯವಲ್ಲ, ಸೋಮಾರಿತನ. ಆರು ತಿಂಗಳು ಮಲಗಿದ್ದವರಿಗೆ ಎದ್ದ ತಕ್ಷಣ ಒಂದೇ ತಿಂಗಳಲ್ಲಿ ಎಲ್ಲಾ ಬೇಕು. ಮಗುವಿನ ಆಯಾಗೆ ಸಂಬಳ, ಮನೆ ಬಾಡಿಗೆ, ಡಬ್ಬಿ ಹಾಲಿನ ಖರ್ಚು, ಇವೆಲ್ಲ ಅವರ ಯಂತ್ರದಲ್ಲಿ ಖಾನೆಯಿಲ್ಲದ ವಿಷಯಗಳು.

ಆ ರಾತ್ರಿ ನಾವಿಬ್ಬರೂ ಪೆನ್ಸಿಲು ಕಾಗದ ಹಿಡಿದು ಕೂತೆವು. "ಹೆಂಗಸರಿಗೆ ಲೆಕ್ಕ ಬರಲ್ಲ" ಎಂದವರು ಒಳಗೆ ಗೊರಕೆ ಹೊಡೆಯುತ್ತಿದ್ದರು. ಲೆಕ್ಕ ಮಾಡುತ್ತಾ ಹೋದಂತೆ ಕಂಪನಿಯ ಎರಡನೆಯ ತಪ್ಪು ಸಿಕ್ಕಿತು, ಮೊದಲನೆಯದಕ್ಕಿಂತ ದೊಡ್ಡದು. ಕಾರಿನ ಬಾಡಿಗೆ ತೆರಿಗೆಗೆ ಮುಂಚೆ ಕಡಿತವಾಗಬೇಕಾದ ಹಣ. ಅದನ್ನು ಮುರಿಯದೆ ಬಿಟ್ಟ ಆರು ತಿಂಗಳು ಅವಳ ಸಂಬಳ ಹೆಚ್ಚೆಂದು ಲೆಕ್ಕವಾಗಿ, ಆ ಹೆಚ್ಚಿನ ಮೇಲೆ ತೆರಿಗೆಯೂ ಹೋಗಿತ್ತು. ಅವಳು ಬರುವುದು ಶೇಕಡಾ 30ರ ಹಂತದಲ್ಲಿ, ಮೇಲೆ ಶೇಕಡಾ 4 ಸೆಸ್ಸು, ಒಟ್ಟು ಶೇಕಡಾ 31.2. ಅಂದರೆ 1,11,000ದಲ್ಲಿ 34,632 ರೂಪಾಯಿ ಸರಕಾರಕ್ಕೆ ಹೋಗಿ, ಅವಳ ಕೈಗೆ ಹೆಚ್ಚಾಗಿ ಬಂದದ್ದು 76,368 ಮಾತ್ರ. ಈಗ ಕಂಪನಿ ವಸೂಲಿ ಮಾಡಿದ್ದು ತೆರಿಗೆ ಮುರಿದ ಮೇಲಿನ ಸಂಬಳದಿಂದ, ಪೂರ್ತಿ 1,11,000! ಕಾರಿನ ಸೌಲಭ್ಯಕ್ಕೆ ಸೇರಿಸಬೇಕಾದ ಸಣ್ಣ ಮೊತ್ತದ ತೆರಿಗೆ ಬಿಟ್ಟರೂ, ಮೂವತ್ತು ಸಾವಿರದಷ್ಟು ಅವಳಿಗೆ ಬಾರದೇ ಇದ್ದ ದುಡ್ಡನ್ನು ಅವಳಿಂದ ಕಿತ್ತುಕೊಂಡಿದ್ದರು. ವರ್ಷ ಮುಗಿದ ಮೇಲೆ ಆಗ ಕೊಡುತ್ತಿದ್ದ ಫಾರಂ 16ರಲ್ಲಿ ಇದು ಸರಿಹೋಗದಿದ್ದರೆ, ರಿಟರ್ನ್ ಸಲ್ಲಿಸುವಾಗ ಮರಳಿ ಕೇಳುವುದೂ ಅವಳಿಗೆ ಕಷ್ಟವಾಗುತ್ತಿತ್ತು.

ಸೊಸೆ ಬಹಳ ಹೊತ್ತು ಕಾಗದವನ್ನೇ ನೋಡಿದಳು. ಆಮೇಲೆ, "ಅತ್ತೆ, ಇದು ನಾನು ನೋಡ್ಕೋಬೇಕಾದ್ದಲ್ಲ ಅಲ್ವಾ?" ಎಂದಳು. ಹಬ್ಬ ಶುರುವಾದದ್ದು ನನಗೆ ಆಗ.

ಕಾಗದ ಬರೆದೆವು. ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಬರೆದಳು. ಬೇಡಿಕೆ ನಾಲ್ಕು. ಒಂದು, ಯಾವ ತಿಂಗಳು ಎಷ್ಟು ಕಡಿತ ತಪ್ಪಿತು ಎಂಬ ತಿಂಗಳವಾರು ಪಟ್ಟಿ ಬರವಣಿಗೆಯಲ್ಲಿ ಕೊಡಿ. ಎರಡು, ಹಿಡಿದ ಹಣವನ್ನು ಮರಳಿಸಿ ಮಾರ್ಚಿನೊಳಗೆ ಸಮನಾದ ಕಂತುಗಳಲ್ಲಿ ಮುರಿದುಕೊಳ್ಳಿ. ಮೂರು, ಮುರಿಯುವುದನ್ನು ತೆರಿಗೆಗೆ ಮುಂಚಿನ ಕಡಿತವಾಗಿಯೇ ಮುರಿದು, ಈಗಾಗಲೇ ಹೆಚ್ಚು ಹೋದ ತೆರಿಗೆಯನ್ನು ಉಳಿದ ತಿಂಗಳುಗಳಲ್ಲಿ ಸರಿದೂಗಿಸಿ. ನಾಲ್ಕು, ಈ ತಪ್ಪು ನೌಕರಳದಲ್ಲ ಎಂದು ಬರೆದು ಕೊಡಿ. ಮಾರ್ಚಿನೊಳಗೆ ಎಂದದ್ದಕ್ಕೆ ಕಾರಣವಿದೆ. ಹಣಕಾಸು ವರ್ಷ ದಾಟಿದರೆ ಒಂದು ವರ್ಷದ ಕಡಿತ ಇನ್ನೊಂದು ವರ್ಷದ ಲೆಕ್ಕಕ್ಕೆ ಬಿದ್ದು ಗೋಜಲಾಗುತ್ತದೆ.

ಮೊದಲ ಉತ್ತರ ಒಂದೇ ಸಾಲು, "ಇದು ನಮ್ಮ ನಿಯಮ". ಆ ನಿಯಮದ ಪ್ರತಿ ಕಳಿಸಿ ಎಂದು ಇವಳು ಕೇಳಿದಳು. ಪ್ರತಿ ಬರಲಿಲ್ಲ, ಬದಲಿಗೆ ಲೆಕ್ಕ ವಿಭಾಗದ ಮೇಲಿನವರೊಬ್ಬರ ಫೋನು ಬಂತು. "ಫೋನಿನಲ್ಲಿ ಹೇಳಿದ್ದನ್ನೇ ದಯವಿಟ್ಟು ಬರೆದು ಕಳಿಸಿ ಸರ್" ಎಂದಳಂತೆ. ನವೆಂಬರಿನ ಸಂಬಳದಲ್ಲಿ 1,11,000 ಮರಳಿ ಬಂತು. ಐದು ತಿಂಗಳು, ತಿಂಗಳಿಗೆ 22,200ರಂತೆ, ತೆರಿಗೆಗೆ ಮುಂಚೆಯೇ ಮುರಿದುಕೊಂಡರು. ಮಾರ್ಚಿಗೆ ಲೆಕ್ಕ ಚುಕ್ತಾ. ನಾಲ್ಕನೆಯ ಬೇಡಿಕೆಗೆ ಮಾತ್ರ "ವ್ಯವಸ್ಥೆಯಲ್ಲಿನ ತಾಂತ್ರಿಕ ದೋಷದಿಂದಾದ ಅನನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಉತ್ತರ. ತಪ್ಪು ಯಂತ್ರದ್ದಂತೆ, ಯಾರೊಬ್ಬರದೂ ಅಲ್ಲವಂತೆ. ವಸೂಲಿ ಮಾಡುವಾಗ ಮನುಷ್ಯರಿದ್ದರು, ತಪ್ಪೊಪ್ಪಿಕೊಳ್ಳುವಾಗ ಬರೀ ಯಂತ್ರ ಉಳಿಯಿತು.

ಕಾನೂನು ಏನನ್ನುತ್ತದೆ ಎಂದು ನೀವು ಕೇಳಬಹುದು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಒಂದು ವೇತನಾವಧಿಯ ಒಟ್ಟು ಕಡಿತ ಸಂಬಳದ ಅರ್ಧವನ್ನು, ಸಹಕಾರ ಸಂಘಗಳ ಬಾಬ್ತು ಇದ್ದರೆ ಮುಕ್ಕಾಲನ್ನು, ಮೀರಬಾರದು ಎಂದಿತ್ತು. ಆದರೆ ಅದು ಕಡಿಮೆ ಸಂಬಳದವರಿಗೆ ಮಾತ್ರ. 2017ರಲ್ಲಿ ನಿಗದಿಯಾದ ಮಿತಿ ತಿಂಗಳಿಗೆ 24,000 ರೂಪಾಯಿ. ನನ್ನ ಸೊಸೆ 2023ರಲ್ಲಿ ಅದರ ಆಚೆಗೆ ಬಿದ್ದಳು. 2019ರ ವೇತನ ಸಂಹಿತೆ ಆ ಸಂಬಳದ ಗಡಿಯನ್ನು ತೆಗೆದುಹಾಕಿ, ಒಂದು ವೇತನಾವಧಿಯ ಕಡಿತ ವೇತನದ ಶೇಕಡಾ 50 ಮೀರಬಾರದು ಎಂದಿತು, ನೌಕರರಿಗೆ ವೇತನ ಚೀಟಿ ಕೊಡುವುದನ್ನು ಮಾಲೀಕನ ಕರ್ತವ್ಯವಾಗಿಸಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಇವಳಿಗೆ ಎರಡು ವರ್ಷ ತಡವಾಯಿತು, ನಿಮಗೆ ತಡವಾಗಿಲ್ಲ. ಆದರೆ ಕಾನೂನು ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ. ತೆಗೆದು ಉಟ್ಟವರಿಗೆ ಮಾತ್ರ ಅದರ ಉಪಯೋಗ.

ಹಾಗಾದರೆ ನಾವು ಸಂಬಳದ ಚೀಟಿ ನೋಡಬೇಡವೇ? ನೋಡಲೇಬೇಕು. ಇಲ್ಲಿ ನನ್ನ ಜಗಳ ನಮ್ಮವರೊಂದಿಗೂ ಇದೆ. ನನ್ನ ಜೊತೆಯ ಎಷ್ಟು ಜನ ಶಿಕ್ಷಕಿಯರು ತಮ್ಮ ಚೀಟಿಯನ್ನು ಕಣ್ಣಾರೆ ಓದಿದ್ದಾರೆ? ದುಡಿಯುವುದು ನಾವು, ಎ.ಟಿ.ಎಂ. ಕಾರ್ಡು ಯಜಮಾನರ ಜೇಬಿನಲ್ಲಿ. ಬ್ಯಾಂಕಿನ ಸಂದೇಶ ಹೋಗುವುದು ಅವರ ಫೋನಿಗೆ. "ನನಗೇನೂ ಗೊತ್ತಾಗಲ್ಲಪ್ಪ, ಎಲ್ಲಾ ಅವರೇ ನೋಡ್ಕೋತಾರೆ" ಎಂದು ಹೇಳುವುದರಲ್ಲಿ ನಮಗೆ ಒಂದು ಬಗೆಯ ಹೆಮ್ಮೆ ಬೇರೆ. ಆ ಹೆಮ್ಮೆ ಸಾಕು ಮಾಡೋಣ. ಚೀಟಿ ಓದಬೇಕಾದದ್ದು ತಪ್ಪು ನಮ್ಮ ಹೊಣೆ ಎಂದಲ್ಲ. ದುಡಿಮೆ ನಮ್ಮದು, ಅದಕ್ಕೆ.

ರಜೆಗೋ ವರ್ಗಕ್ಕೋ ಹೊರಡುವ ಮುನ್ನ, ಈಗ ನಡೆಯುತ್ತಿರುವ ಕಡಿತಗಳು ಮುಂದೆ ಹೇಗೆ ನಡೆಯುತ್ತವೆ ಎಂದು ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ಹೊಸ ಜಾಗದ ಮೊದಲ ಚೀಟಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಒಂದು ಸಾಲು ಕಡಿಮೆಯಿದ್ದರೆ ಅವತ್ತೇ ತಿಳಿಸಿ, ಆ ಹಣವನ್ನು ಮುಟ್ಟದೆ ಬೇರೆ ಎತ್ತಿಡಿ. ವಸೂಲಿ ಎಂದು ಬಂದರೆ ಗಾಬರಿಯಾಗಬೇಡಿ, ಪಟ್ಟಿ ಕೇಳಿ, ಕಂತು ಕೇಳಿ, ತೆರಿಗೆಯ ಲೆಕ್ಕ ಕೇಳಿ. "ನೀವು ನೋಡ್ಕೋಬೇಕಿತ್ತು" ಎಂದು ಯಾರಾದರೂ ಅಂದರೆ, "ನೀವೂ ನೋಡ್ಕೋಬೇಕಿತ್ತು" ಎಂದು ಸಮಾಧಾನವಾಗಿ ಹೇಳಿ. ಅಷ್ಟು ಹೇಳುವುದಕ್ಕೆ ನನಗೆ 2004ರಿಂದ 2023ರವರೆಗೆ ಹಿಡಿಯಿತು.

ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಎನ್ನುತ್ತಾರೆ ನಮ್ಮ ಕಡೆ. ಅತ್ತೆ ಒಡೆದರೆ ಹಳೇ ಮಡಕೆ, ಸೊಸೆ ಒಡೆದರೆ ಮನೆಗೇ ನಷ್ಟ. ಈ ಕಾಲದಲ್ಲಿ ಆ ಅತ್ತೆ ಅಡಿಗೆಮನೆಯಲ್ಲಿಲ್ಲ, ಲೆಕ್ಕದ ಮಹಡಿಯಲ್ಲಿ ಕೂತಿದ್ದಾಳೆ. ಅವಳು ಒಡೆದದ್ದಕ್ಕೆ "ತಾಂತ್ರಿಕ ದೋಷ" ಎಂದು ಹೆಸರು, ನಾವು ನೋಡದೇ ಹೋದದ್ದಕ್ಕೆ "ನಿರ್ಲಕ್ಷ್ಯ" ಎಂದು ಹೆಸರು. ನಾನೂ ಒಬ್ಬಳು ಅತ್ತೆಯೇ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ಯಾರು ಒಡೆದರೂ ಪಾತ್ರೆಗೆ ಒಂದೇ ಬೆಲೆ.

ಮೊನ್ನೆ ಮಗ ಫೋನು ಮಾಡಿದ್ದ. ಅವನ ಕಂಪನಿಯಲ್ಲಿ ಯಾವುದೋ ಕಡಿತ ಎರಡು ತಿಂಗಳು ತಪ್ಪಿದೆಯಂತೆ. "ಈಗ ಏನ್ಮಾಡ್ಲಿ ಅಮ್ಮ?" ಎಂದ. "ನೋಡ್ಕೋಬೇಕಿತ್ತು ಕಣೋ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. "ನಿನ್ನ ಹೆಂಡತಿಯನ್ನು ಕೇಳು, ಕಾಗದ ಬರೆಯೋದು ಅವಳಿಗೆ ಗೊತ್ತು" ಎಂದೆ.